ಪಂಪ್ ರೂಮಿನವರಿಗೂ ಪಾಠ ಹೇಳಿ

ಬೆಂಗಳೂರಿನ ಫೆಸಿಲಿಟಿ ಮ್ಯಾನೇಜ್‌ಮೆಂಟ್ ಸಂಘಗಳ ಪದಾಧಿಕಾರಿಗಳಿಗೆ ಮತ್ತು ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನೀವು ನೋಡಿಕೊಳ್ಳುವ ಕಟ್ಟಡಗಳ ಹಾಜರಿ ಪುಸ್ತಕವನ್ನು ಒಮ್ಮೆ ತರಿಸಿ ನೋಡಿ. ಪಂಪ್ ರೂಮು, ಜನರೇಟರ್, ಎಸ್‌ಟಿಪಿ (ಕೊಳಚೆನೀರು ಶುದ್ಧೀಕರಣ ಘಟಕ), ಎಸಿ ಪ್ಲಾಂಟು, ಹೌಸ್‌ಕೀಪಿಂಗ್, ಯಾವ ವಿಭಾಗದ ಪುಟ ತಿರುಗಿಸಿದರೂ ಚಿಕ್ಕಬಳ್ಳಾಪುರ ಜಿಲ್ಲೆಯವರ ಹೆಸರು ಕಾಣಿಸುತ್ತದೆ. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ, ಅದರ ಸುತ್ತ ಹೋಟೆಲು, ಗೋದಾಮು, ಅಪಾರ್ಟ್‌ಮೆಂಟುಗಳು ಎದ್ದ ಮೇಲೆ, ನಮ್ಮ ಹುಡುಗರಿಗೆ ಹೊಲ ಮತ್ತು ರೇಷ್ಮೆ ಬಿಟ್ಟರೆ ಹತ್ತಿರದಲ್ಲಿ ಸಿಗುವ ಕೆಲಸ ಇದೇ ಆಗಿದೆ. ಗೌರಿಬಿದನೂರಿನವರು ಹಿಂದೂಪುರದ ಕಡೆಯಿಂದ ಬರುವ ರೈಲು ಹಿಡಿಯುತ್ತಾರೆ, ಚಿಕ್ಕಬಳ್ಳಾಪುರದವರು ಹೈವೇಯಲ್ಲಿ ಬಸ್ಸಿಗೆ ಕೈ ತೋರಿಸುತ್ತಾರೆ, ಚಿಂತಾಮಣಿ, ಶಿಡ್ಲಘಟ್ಟದವರು ದೂರವೆಂದು ಯಲಹಂಕದ ಆಚೀಚೆ ನಾಲ್ಕೈದು ಜನ ಸೇರಿ ರೂಮು ಮಾಡಿಕೊಳ್ಳುತ್ತಾರೆ.

ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಪಾಠ ಹೇಳಿ ನಿವೃತ್ತನಾದವನು. ನನ್ನ ಹತ್ತಿರ ಮೆಗ್ಗರ್ ಹಿಡಿಯಲು ಕಲಿತ ಹುಡುಗರಲ್ಲಿ ಬಹಳ ಮಂದಿ ಈಗ ನಿಮ್ಮ ಸೈಟುಗಳಲ್ಲಿ ಟೆಕ್ನಿಷಿಯನ್ನುಗಳು, ಕೆಲವರು ಸೂಪರ್‌ವೈಸರ್‌ಗಳು. ಹಬ್ಬಕ್ಕೆ ಊರಿಗೆ ಬಂದಾಗ ಮನೆಯವರೆಗೂ ಬರುತ್ತಾರೆ, ಕೆಲಸದ ಮಾತಾಡುತ್ತಾರೆ. ಆ ಮಾತುಗಳನ್ನು ಕೇಳಿ ಕೇಳಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕೆಲಸದ ಬಗ್ಗೆ ನನಗಿರುವ ಗೌರವವನ್ನು ಹೇಳಿಬಿಡುತ್ತೇನೆ. ಕಟ್ಟಡವನ್ನು ಚೆನ್ನಾಗಿ ಇಟ್ಟುಕೊಳ್ಳುವುದೂ ಒಂದು ವೃತ್ತಿ, ಅದಕ್ಕೂ ಓದು ಬೇಕು, ಓದಿದ್ದು ಹಳತಾಗದಂತೆ ನೋಡಿಕೊಳ್ಳಬೇಕು ಎಂದು ಲೋಕಕ್ಕೆ ಒಪ್ಪಿಸಿದವರು ನಿಮ್ಮಂಥ ಸಂಘಗಳವರೇ. 1980ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇಫ್ಮಾ ಎಂಬ ಸಂಘ ಸಿಎಫ್‌ಎಂ ಎಂಬ ಅರ್ಹತೆ ಕೊಡುತ್ತದೆ. ಅದನ್ನು ಒಮ್ಮೆ ಪಡೆದು ಗೋಡೆಗೆ ತೂಗುಹಾಕಿದರೆ ಸಾಲದು. ಮೂರು ವರ್ಷದೊಳಗೆ 120 ಅಂಕಗಳಷ್ಟು ಹೊಸ ಕಲಿಕೆ, ಹೊಸ ಕೆಲಸ ತೋರಿಸಿದರೆ ಮಾತ್ರ ಅದು ಉಳಿಯುತ್ತದೆ. ಅದೇ ಸಂಘದ ಎಫ್‌ಎಂಪಿ ಕೋರ್ಸಿನಲ್ಲಿ ಕಟ್ಟಡ ನಿರ್ವಹಣೆ, ಯೋಜನೆ, ಹಣಕಾಸು, ನಾಯಕತ್ವ ಎಂದು ನಾಲ್ಕು ಭಾಗಗಳಿವೆ. 2018ರಲ್ಲಿ ಈ ವೃತ್ತಿಗೇ ಐಎಸ್‌ಒ 41001 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಬಂತು. ಇಂಥ ಶಿಸ್ತು ನಮ್ಮ ಮೇಷ್ಟ್ರುಗಳಿಗೂ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಆಸೆಪಟ್ಟಿದ್ದೇನೆ.

ನನ್ನ ಬಿನ್ನಹ ಇಷ್ಟೇ. ಈ ಕಲಿಕೆ ಮ್ಯಾನೇಜರ್ ಹಂತಕ್ಕೆ ಬಂದು ನಿಂತುಬಿಟ್ಟಿದೆ. ಅದು ನೆಲಮಾಳಿಗೆಗೆ ಇಳಿಯಬೇಕು. ಇಳಿಸುವುದು ನಿಮ್ಮಿಂದ ಸಾಧ್ಯ. ಇಳಿಸುವ ಜಾಗ ಬೆಂಗಳೂರಿನ ಹೋಟೆಲ್ ಹಾಲ್ ಅಲ್ಲ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಮ್ಮ ನಾಲ್ಕು ಊರುಗಳು.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಶಿಡ್ಲಘಟ್ಟ ತಾಲ್ಲೂಕಿನವನು, ಎಲೆಕ್ಟ್ರಿಷಿಯನ್ ಮುಗಿಸಿದವನು. ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಅವನನ್ನು ಎಸ್‌ಟಿಪಿಗೆ ಹಾಕಿದರು. ಎರಡು ದಿನ ಹಳೆಯ ಆಪರೇಟರ್ ಜೊತೆ ನಿಂತದ್ದೇ ಅವನ ತರಬೇತಿ. ಯಾವ ಸ್ವಿಚ್ ಯಾವಾಗ ಹಾಕಬೇಕು ಎಂದು ತೋರಿಸಿ ಆ ಹಳಬ ಹೊರಟುಹೋದ. ಕೆಲವು ತಿಂಗಳಾದ ಮೇಲೆ ಕರೆಂಟ್ ಬಿಲ್ ಜಾಸ್ತಿಯಾಯಿತೆಂದು ನಿವಾಸಿಗಳ ಕಮಿಟಿಯವರು ರಾತ್ರಿ ಹೊತ್ತು ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ನಿಲ್ಲಿಸಲು ಹೇಳಿದರು. ಇವನು ನಿಲ್ಲಿಸಿದ. ವಾರ ಕಳೆಯುವುದರೊಳಗೆ ವಾಸನೆ, ನೊರೆ, ಗಿಡಗಳಿಗೆ ಬಿಡುವ ನೀರು ಕಪ್ಪು. ಬೈಗುಳ ಬಿದ್ದದ್ದು ಇವನಿಗೆ. ಬ್ಲೋವರ್ ನಿಲ್ಲಿಸಿದ್ದರಿಂದ ಹೀಗಾಯಿತು ಎಂಬ ಅನುಮಾನ ಅವನಿಗಿತ್ತು, ಹೇಳಲು ಧೈರ್ಯವಿರಲಿಲ್ಲ, ತೋರಿಸಲು ಆಧಾರವಿರಲಿಲ್ಲ.

ಕೊನೆಗೆ ಯಂತ್ರದ ಸರ್ವೀಸಿಗೆ ಬಂದಿದ್ದ ಒಬ್ಬ ಎಂಜಿನಿಯರು ಇವನಿಗೆ ಒಂದು ಪರೀಕ್ಷೆ ಹೇಳಿಕೊಟ್ಟರು. ಗಾಳಿ ಊದುವ ಟ್ಯಾಂಕಿನಿಂದ ಒಂದು ಲೀಟರ್ ನೀರನ್ನು ಅಳತೆಯ ಗಾಜಿನ ಜಾಡಿಗೆ ತುಂಬಿ ಅರ್ಧ ಗಂಟೆ ಅಲುಗಿಸದೆ ಇಡುವುದು. ಆ ನೀರಿನಲ್ಲಿ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳಿರುತ್ತವೆ, ಅವಕ್ಕೆ ಉಸಿರಾಡಲು ಗಾಳಿ ಬೇಕು. ಅವು ಆರೋಗ್ಯವಾಗಿದ್ದರೆ ಕಂದು ಬಣ್ಣದ ಕೆಸರು ಜಾಡಿಯ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಗಾಳಿ ಸಾಲದೆ ಸತ್ತಿದ್ದರೆ ಕೆಸರು ಕಪ್ಪಾಗಿರುತ್ತದೆ, ನಾರುತ್ತದೆ. ಇವನು ಆ ಜಾಡಿಯನ್ನು ಕಮಿಟಿಯ ಕಾರ್ಯದರ್ಶಿಯ ಮೇಜಿನ ಮೇಲಿಟ್ಟ. ಬ್ಲೋವರನ್ನು ಮತ್ತೆ ರಾತ್ರಿಯೂ ಓಡಿಸಲು ಹೇಳಿದರು, ದಿನಗಳೆದಂತೆ ಜಾಡಿ ಕಂದು ಬಣ್ಣಕ್ಕೆ ತಿರುಗಿತು. ಈಗ ಅವನು ಪ್ರತಿ ಶಿಫ್ಟಿನಲ್ಲೂ ಜಾಡಿಯ ಅಳತೆಯನ್ನು ಲಾಗ್‌ಬುಕ್ಕಿನಲ್ಲಿ ಬರೆಯುತ್ತಾನೆ. ನನಗೆ ಅದರ ಫೋಟೋ ಕಳಿಸಿದ್ದ. ಅರ್ಧ ದಿನದಲ್ಲಿ ಕಲಿಸಬಹುದಾದ ಪಾಠ ಇದು. ಅದು ಅವನಿಗೆ ಸಿಕ್ಕಿದ್ದು ಅಕಸ್ಮಾತ್ತಾಗಿ.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಇನ್ನೊಂದು ಸಂಬಂಧವೂ ಇದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆನೀರು ಎರಡು ಹಂತ ಶುದ್ಧಿಯಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದ್ದು ಹಾಗೆ. ಅದು ಜಲಮಂಡಳಿಯ ದೊಡ್ಡ ಘಟಕಗಳ ನೀರು, ನಿಮ್ಮ ಅಪಾರ್ಟ್‌ಮೆಂಟುಗಳದ್ದಲ್ಲ ಎಂಬುದು ನನಗೆ ಗೊತ್ತು. ಆದರೂ ಕೊಳಚೆನೀರಿನ ಯಂತ್ರದ ಮುಂದೆ ನಿಂತವನಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿದಿರಬೇಕು ಎಂಬ ಮಾತು ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ.

ಎಸ್‌ಟಿಪಿಯಲ್ಲಿ ತಿಳಿಯದಿದ್ದರೆ ನೀರು ಕೆಡುವುದಷ್ಟೇ ಅಲ್ಲ, ಜೀವ ಹೋಗುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ತುಂಬಿರಬಹುದು. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಮೂಗಿಗೆ ವಾಸನೆ ಹಿಡಿಯುವ ಶಕ್ತಿಯೇ ಹೋಗಿಬಿಡುತ್ತದೆ. ವಾಸನೆ ಇಲ್ಲ, ಇಳಿಯಬಹುದು ಎಂದುಕೊಂಡವನು ಮೇಲೆ ಬರುವುದಿಲ್ಲ, ಅವನನ್ನು ಎಳೆಯಲು ಇಳಿದವನೂ ಬರುವುದಿಲ್ಲ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆ ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಚರಂಡಿಗೆ, ಮಲಗುಂಡಿಗೆ ಇಳಿಸಕೂಡದೆಂದು ಹೇಳುತ್ತದೆ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿ ಸಾವುಗಳ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಮ್ಯಾನೇಜರುಗಳಾದ ನಿಮಗೆ ಇದೆಲ್ಲ ಗೊತ್ತಿದೆ. ‘ಸ್ವಲ್ಪ ಇಳಿದು ನೋಡಪ್ಪಾ’ ಎಂದು ಯಾರಾದರೂ ಹೇಳಿದಾಗ ‘ಇಲ್ಲ ಸಾರ್, ಇಳಿಯಕೂಡದು’ ಎನ್ನಬೇಕಾದವನಿಗೆ ಗೊತ್ತಿದೆಯೇ? ಗೊತ್ತಿದ್ದರೂ ಹಾಗೆ ಹೇಳಿದರೆ ಕೆಲಸ ಉಳಿಯುತ್ತದೆ ಎಂಬ ಭರವಸೆ ಅವನಿಗಿದೆಯೇ? ನಿಮ್ಮ ಸಂಘದ ಹೆಸರಿನಲ್ಲಿ ತರಬೇತಿ ಪಡೆದು ಒಂದು ಪ್ರಮಾಣಪತ್ರ ಕೈಯಲ್ಲಿದ್ದರೆ ಆ ‘ಇಲ್ಲ’ಕ್ಕೆ ಬಲ ಬರುತ್ತದೆ.

ಬೆಂಕಿಯ ವಿಷಯವೂ ಹಾಗೇ. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತರು. ಹೊಗೆಯಿಂದ ಉಸಿರುಗಟ್ಟಿತು, ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದರು. ಮಕ್ಕಳನ್ನು, ಬಂಧುಗಳನ್ನು ಕಳೆದುಕೊಂಡವರು ಸೇರಿ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ ಅಗ್ನಿ ಸುರಕ್ಷತೆಯ ಪಾಠ ಹೇಳುತ್ತಿದ್ದಾರೆ. ಆ ದಿನದ ನಂತರ ನಿಮ್ಮ ವೃತ್ತಿಯಲ್ಲಿ ನಿಯಮ, ತಪಾಸಣಾ ಪಟ್ಟಿ, ಅಣಕು ಕವಾಯತು ಎಲ್ಲ ಹೆಚ್ಚಾಗಿರುವುದು ನಿಜ. ಆದರೆ ಹುಡುಗರು ಹೇಳುವುದನ್ನು ಕೇಳಿ. ಬೆಂಕಿ ನಂದಿಸುವ ಪೈಪಿನಲ್ಲಿ ಎಲ್ಲೋ ಸಣ್ಣ ಸೋರಿಕೆ. ಒತ್ತಡ ಇಳಿದಾಗಲೆಲ್ಲ ಜಾಕಿ ಪಂಪು ತಾನಾಗಿ ಓಡುತ್ತದೆ. ರಾತ್ರಿಯೆಲ್ಲ ಅದರ ಸದ್ದು, ಕೆಳಗಿನ ಮನೆಯವರ ದೂರು. ಯಾರೋ ಪ್ಯಾನೆಲ್ಲಿನ ಸ್ವಿಚ್ಚನ್ನು ‘ಆಟೋ’ದಿಂದ ‘ಆಫ್’ಗೆ ತಿರುಗಿಸುತ್ತಾರೆ. ಸದ್ದು ನಿಂತಿತು, ದೂರು ನಿಂತಿತು, ಮುಂದಿನ ಶಿಫ್ಟಿನವನಿಗೆ ಹೇಳುವುದು ಮರೆತುಹೋಯಿತು. ಹಾಗೆ ತಿರುಗಿಸಿದವನು ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಜಾಕಿ ಪಂಪು ಮತ್ತೆ ಮತ್ತೆ ಓಡಿದರೆ ಎಲ್ಲೋ ಸೋರುತ್ತಿದೆ, ಹುಡುಕು ಎಂದರ್ಥ ಅಂತ ಅವನಿಗೆ ಯಾರೂ ಹೇಳಿಲ್ಲ, ಅಷ್ಟೆ.

ಹೌಸ್‌ಕೀಪಿಂಗ್ ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟ. ಅವರ ಕೈಗೆ ದಿನವೂ ರಾಸಾಯನಿಕಗಳು ಬರುತ್ತವೆ, ಡಬ್ಬಿಯ ಮೇಲಿನ ಬರಹ ಓದಲಾಗದ ಭಾಷೆಯಲ್ಲಿ. ಬೇಗ ಕಲೆ ಹೋಗಲಿ ಎಂದು ಬ್ಲೀಚಿಂಗ್ ದ್ರಾವಣಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಶೌಚಾಲಯದಲ್ಲಿ ಅದನ್ನು ಉಸಿರಾಡಿ ಕೆಮ್ಮುತ್ತಾ ಮನೆಗೆ ಬಂದ ತಾಯಂದಿರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಇವರನ್ನು ತರಬೇತಿಯ ಲೆಕ್ಕದಿಂದ ಹೊರಗಿಡಬೇಡಿ.

ನಮ್ಮ ಜನಕ್ಕೆ ಕಲಿಯುವ ಶಕ್ತಿ ಇದೆಯೇ ಎಂಬ ಸಂದೇಹ ಯಾರಿಗಾದರೂ ಇದ್ದರೆ, ಶಿಡ್ಲಘಟ್ಟದ ಸುತ್ತಿನ ಯಾವುದಾದರೂ ಹಳ್ಳಿಯಲ್ಲಿ ರೇಷ್ಮೆಹುಳು ಸಾಕುವ ಮನೆಯೊಂದನ್ನು ನೋಡಿ ಬನ್ನಿ. ಎಳೆಯ (ಚಾಕಿ) ಹುಳುವಿಗೆ 27–28 ಡಿಗ್ರಿ ಶಾಖ, ಶೇ 80ರ ಮೇಲೆ ತೇವ. ದೊಡ್ಡ ಹುಳುವಿಗೆ 24–25 ಡಿಗ್ರಿ, ಶೇ 70. ಬೆಳೆಗೆ ಮೊದಲು ಮನೆ, ತಟ್ಟೆ, ಚಂದ್ರಿಕೆಗಳನ್ನೆಲ್ಲ ಸೋಂಕು ಕಳೆಯುವ ಮದ್ದಿನಿಂದ ತೊಳೆಯುತ್ತಾರೆ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ. ಹೊರಗಿನವರು ಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸೊಪ್ಪು ಹಾಕುವಂತಿಲ್ಲ. ಗಾಳಿ, ಶಾಖ, ತೇವ, ಶುಚಿ, ವೇಳಾಪಟ್ಟಿ, ಇವೆಲ್ಲವನ್ನೂ ಒಂದು ಕಟ್ಟಡದಲ್ಲಿ ಹದವಾಗಿ ಇಟ್ಟುಕೊಂಡು ಬಂದ ಮನೆತನಗಳ ಮಕ್ಕಳು ಇವರು. ನಿಮ್ಮ ಎಸಿ ಪ್ಲಾಂಟಿನ ತತ್ವ ಇವರಿಗೆ ಹೊಸದಲ್ಲ, ಯಂತ್ರದ ಹೆಸರುಗಳು ಮಾತ್ರ ಹೊಸವು.

ಮೇಲಿನವರು, ಕೈಕೆಲಸದವರು ಎರಡೂ ಹಂತಕ್ಕೆ ಪಾಠ ಬೇಕೆಂಬ ವಿಚಾರ ನಮ್ಮ ಜಿಲ್ಲೆಗೆ ಹೊರಗಿನಿಂದ ಬಂದದ್ದಲ್ಲ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬಂತು. ಎಂಜಿನಿಯರುಗಳು ತಯಾರಾದರೆ ಸಾಕೆಂದು ಅವರು ಸುಮ್ಮನಾಗಲಿಲ್ಲ. ಎಂಬತ್ತು ದಾಟಿದ ವಯಸ್ಸಿನಲ್ಲಿ, 1943ರಲ್ಲಿ, ಕೈಕೆಲಸದ ಕಸುಬುಗಳನ್ನು ಕಲಿಸುವ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಬೆಂಗಳೂರಿನಲ್ಲಿ ಶುರುವಾಗಲು ಕಾರಣರಾದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ದೊಡ್ಡ ಹೆಸರು ಮಾಡಿದ ಮೇಲೂ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಅದೇ ಹೆಸರಿನ ಕಾಲೇಜುಗಳನ್ನು ತೆರೆಸಿದರು. ಹಳ್ಳಿಯ ಮಕ್ಕಳು ಓದಿಗಾಗಿ ಬೆಂಗಳೂರು ಹತ್ತಬೇಕಾಗಿಲ್ಲ, ಓದೇ ಇಲ್ಲಿಗೆ ಬರಲಿ ಎಂಬುದು ಅವರ ನಿಲುವು. ನಿಮ್ಮನ್ನು ಕೇಳುತ್ತಿರುವುದೂ ಅದನ್ನೇ.

ಇನ್ನು ಏನು ಮಾಡಬೇಕೆಂಬ ಮಾತಿಗೆ ಬರುತ್ತೇನೆ.

ನಿಮ್ಮ ಸಂಘದ ವರ್ಷದ ಕಾರ್ಯಕ್ರಮ ಪಟ್ಟಿಯಲ್ಲಿ ನಮ್ಮ ನಾಲ್ಕು ಊರುಗಳಿಗೆ ಒಂದೊಂದು ತರಗತಿ ಇಡಿ. ನಮ್ಮ ತಾಲ್ಲೂಕುಗಳ ಐಟಿಐಗಳಲ್ಲಿ ವರ್ಕ್‌ಶಾಪ್ ಇದೆ, ಬೆಂಚ್ ಇದೆ, ಕರಿಹಲಗೆ ಇದೆ. ವಾರದ ರಜೆಯಂದು ಕರೆದರೆ ಆ ಒಂದು ದಿನ ಹೊಲಕ್ಕೆ, ಹುಳಕ್ಕೆ, ಮನೆಗೆ ಹೋಗಬೇಕಾದವರು ಬರಲಾರರು. ಆದ್ದರಿಂದ ತರಬೇತಿಯ ದಿನವನ್ನು ಡ್ಯೂಟಿಯ ದಿನವೆಂದೇ ಲೆಕ್ಕ ಹಿಡಿದು ಕೂಲಿ ಕೊಡಿ. ಪಾಠ ಕನ್ನಡದಲ್ಲಿರಲಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ತೆಲುಗು, ಕೆಲವು ಕಡೆ ಉರ್ದು. ಶಾಲೆಯಲ್ಲಿ ಎಲ್ಲರೂ ಓದಿದ್ದು ಕನ್ನಡ. ಮಾತು ಎಲ್ಲಿಯಾದರೂ ತಡವರಿಸಿದರೆ ತೆಲುಗಿನಲ್ಲಿ ಬಿಡಿಸಿ ಹೇಳುವ ಬೋಧಕರು ಇಲ್ಲೇ ಸಿಗುತ್ತಾರೆ. ಪರದೆಯ ಮೇಲೆ ಇಂಗ್ಲಿಷಿನ ಸ್ಲೈಡುಗಳನ್ನು ತೋರಿಸಿ ಹಾಜರಿಗೆ ಸಹಿ ಹಾಕಿಸಿಕೊಳ್ಳುವ ತರಬೇತಿ ನಮ್ಮ ಹುಡುಗರು ಸಾಕಷ್ಟು ಕಂಡಿದ್ದಾರೆ, ಅದು ಬೇಡ.

ಕೈಯಿಂದ ಮಾಡಿ ಕಲಿಯಲು ಸಾಮಾನು ಬೇಕು. ನಿಮ್ಮ ಸೈಟುಗಳಲ್ಲಿ ಪ್ರತಿವರ್ಷ ಹಳೆಯ ಪ್ಯಾನೆಲ್ಲು, ಪಂಪು, ಬ್ಲೋವರ್, ಫೈರ್ ಅಲಾರಂ ಪೆಟ್ಟಿಗೆಗಳು ಗುಜರಿಗೆ ಹೋಗುತ್ತವೆ. ಅವುಗಳಲ್ಲಿ ಒಂದೊಂದನ್ನು ನಮ್ಮ ಐಟಿಐಗಳಿಗೆ ಕೊಡಿ. ಕೆಟ್ಟಿದ್ದರೂ ಚಿಂತೆಯಿಲ್ಲ. ಬಿಚ್ಚಿ ಜೋಡಿಸಿದ ಯಂತ್ರ ಜನ್ಮದಲ್ಲಿ ಮರೆತುಹೋಗುವುದಿಲ್ಲ ಎಂಬುದನ್ನು ಮೇಷ್ಟ್ರಾಗಿ ನಾನು ಕಣ್ಣಾರೆ ನೋಡಿದ್ದೇನೆ.

ಅಪ್ರೆಂಟಿಸ್ ಕಾಯ್ದೆಯನ್ನು ಭಾರವೆಂದು ನೋಡಬೇಡಿ. 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು, ಗುತ್ತಿಗೆಯವರನ್ನೂ ಎಣಿಸಿ, ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು ನಿಯಮವಿದೆ. ನಿಮ್ಮ ಸದಸ್ಯ ಕಂಪನಿಗಳು ಈ ಲೆಕ್ಕವನ್ನು ನಮ್ಮ ತಾಲ್ಲೂಕಿನ ಐಟಿಐಗಳಿಂದ ತುಂಬಿಕೊಂಡರೆ ಎರಡು ವರ್ಷ ಎಲೆಕ್ಟ್ರಿಷಿಯನ್, ಫಿಟ್ಟರ್ ಓದಿದವನು ಕೆಲಸಕ್ಕೆ ಸೇರುವ ಮೊದಲೇ ಸೈಟನ್ನು ಅರಿತಿರುತ್ತಾನೆ.

ತರಬೇತಿ ಮುಗಿಸಿದವರ ಸಂಬಳದ ಚೀಟಿಯಲ್ಲಿ ಅದು ಕಾಣಿಸಬೇಕು. ಕನಿಷ್ಠ ವೇತನದ ಪಟ್ಟಿಯಲ್ಲಿ ಅಕುಶಲ, ಅರೆಕುಶಲ, ಕುಶಲ ಎಂಬ ಭೇದಗಳಿವೆ. ಎಸ್‌ಟಿಪಿ ನಡೆಸುವವನನ್ನು ‘ಹೆಲ್ಪರ್’ ಎಂದು ಬರೆದು ಅಕುಶಲ ಕೂಲಿ ಕೊಡುವುದು ಎಲ್ಲೆಲ್ಲೂ ನಡೆದಿದೆ. ಟೆಂಡರಿನಲ್ಲಿ ಕಡಿಮೆ ದರ ಹಾಕಿದವನಿಗೇ ಕೆಲಸ ಸಿಗುತ್ತದೆ, ದರ ಇಳಿಸುವಾಗ ಮೊದಲು ಕತ್ತರಿ ಬೀಳುವುದು ತರಬೇತಿಯ ಖರ್ಚಿಗೆ ಎಂದು ನಿಮ್ಮಲ್ಲಿ ಹಲವರು ಹೇಳುವಿರಿ. ಒಪ್ಪುತ್ತೇನೆ. ಒಂದೊಂದು ಕಂಪನಿ ಒಂಟಿಯಾಗಿ ಇದನ್ನು ಸರಿಪಡಿಸಲಾರದು. ಅದಕ್ಕೇ ನಾನು ಈ ಪತ್ರವನ್ನು ಕಂಪನಿಗಳಿಗೆ ಬರೆಯದೆ ಸಂಘಕ್ಕೆ ಬರೆಯುತ್ತಿರುವುದು. ತರಬೇತಿಯ ಖರ್ಚಿಗೆ ಪ್ರತ್ಯೇಕ ಸಾಲು ಇಲ್ಲದ ಟೆಂಡರಿಗೆ ನಮ್ಮ ಸದಸ್ಯರು ದರ ಹಾಕುವುದಿಲ್ಲ ಎಂದು ಸಂಘ ಒಟ್ಟಾಗಿ ಹೇಳಿದರೆ ಕಟ್ಟಡದ ಮಾಲೀಕರು ಕೇಳಲೇಬೇಕಾಗುತ್ತದೆ.

‘ಕಲಿಸಿದ ಹುಡುಗ ಸಾವಿರ ರೂಪಾಯಿ ಜಾಸ್ತಿ ಸಿಕ್ಕರೆ ಬೇರೆ ಕಡೆ ಹೋಗುತ್ತಾನೆ’ ಎಂಬ ಮಾತನ್ನೂ ಕೇಳಿದ್ದೇನೆ. ಹೋಗುತ್ತಾನೆ. ಎಲ್ಲಿಗೆ? ನಿಮ್ಮದೇ ಸಂಘದ ಇನ್ನೊಬ್ಬ ಸದಸ್ಯರ ಸೈಟಿಗೆ. ಅಲ್ಲಿಂದ ಕಲಿತ ಇನ್ನೊಬ್ಬ ನಿಮ್ಮಲ್ಲಿಗೆ ಬರುತ್ತಾನೆ. ಎಲ್ಲರೂ ಸೇರಿ ಕಲಿಸಿದಾಗ ಯಾರಿಗೂ ನಷ್ಟವಿಲ್ಲ. ಬೆಂಗಳೂರು ಬಿಟ್ಟು ಊರಿಗೇ ಮರಳಿದರೆ ಇನ್ನೂ ಒಳ್ಳೆಯದು. ಚಿಕ್ಕಬಳ್ಳಾಪುರದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ನಾಲ್ಕೂ ಊರುಗಳಲ್ಲಿ ಆಸ್ಪತ್ರೆ, ಹಾಸ್ಟೆಲ್ಲುಗಳಿವೆ, ಹಳ್ಳಿ ಹಳ್ಳಿಯಲ್ಲಿ ಫ್ಲೋರೈಡ್ ನೀರಿಗೆ ಪರಿಹಾರವೆಂದು ಇಟ್ಟ ಶುದ್ಧ ನೀರಿನ ಘಟಕಗಳಿವೆ. ಮೆಂಬ್ರೇನ್ ಬದಲಿಸುವವರಿಲ್ಲದೆ ಬಾಗಿಲು ಹಾಕಿದ ಘಟಕಗಳನ್ನು ದಾಟಿಕೊಂಡೇ ನಾವು ದಿನವೂ ಓಡಾಡುತ್ತೇವೆ. ನೀವು ತರಬೇತಿ ಕೊಟ್ಟ ಒಬ್ಬ ಟೆಕ್ನಿಷಿಯನ್ ಅಂಥ ಹತ್ತು ಹಳ್ಳಿಗಳಿಗೆ ಸಾಕು.

ಕೊನೆಯದಾಗಿ ಸದಸ್ಯತ್ವದ ಮಾತು. ನಿಮ್ಮ ಸಂಘದಲ್ಲಿ ಟೆಕ್ನಿಷಿಯನ್ನುಗಳಿಗೆ, ಹೌಸ್‌ಕೀಪಿಂಗ್ ಸೂಪರ್‌ವೈಸರ್‌ಗಳಿಗೆ ಕಡಿಮೆ ಚಂದಾದ ಒಂದು ವರ್ಗ ತೆರೆಯಿರಿ. ಸಭೆಯಲ್ಲಿ ಅವರಿಗೂ ಕುರ್ಚಿ ಇರಲಿ, ಮಾತಾಡಲು ಹೊತ್ತು ಇರಲಿ. ನಿಮ್ಮ ಸದಸ್ಯರು ಇಲ್ಲಿಗೆ ಬಂದು ಕಲಿಸಿದ ಗಂಟೆಗಳನ್ನು ಅವರ ಸ್ವಂತ ವೃತ್ತಿ ಬೆಳವಣಿಗೆಯ ಲೆಕ್ಕಕ್ಕೂ ಸೇರಿಸಿ. ಕಲಿಸಲು ನಿಂತ ಮ್ಯಾನೇಜರ್ ಪಂಪ್ ರೂಮಿನವರಿಂದ ಕಲಿತು ಹೋಗುವುದೂ ಕಡಿಮೆಯಿರುವುದಿಲ್ಲ.

ನಾಲ್ಕೂ ಊರಿನಲ್ಲಿ ಒಟ್ಟಿಗೆ ಶುರು ಮಾಡುವುದು ಕಷ್ಟವಾದರೆ ಚಿಂತಾಮಣಿಯಿಂದ ಆರಂಭಿಸಿ. ಜಾಗಕ್ಕೆ ಅನುಮತಿ ಕೇಳುವುದು, ಹುಡುಗರಿಗೆ ಸುದ್ದಿ ಮುಟ್ಟಿಸುವುದು, ಬಂದವರಿಗೆ ಊಟದ ವ್ಯವಸ್ಥೆ, ಪಾಠವನ್ನು ಕನ್ನಡಕ್ಕೆ ಇಳಿಸುವುದು, ಇಷ್ಟನ್ನೂ ನಿವೃತ್ತ ಬೋಧಕರಾದ ನಾವು ಕೆಲವರು ಸಂಭಾವನೆಯಿಲ್ಲದೆ ಮಾಡಿಕೊಡುತ್ತೇವೆ. ಮೊದಲ ತರಗತಿಗೆ ಎಸ್‌ಟಿಪಿ ಮತ್ತು ಅನಿಲದ ಅಪಾಯವನ್ನೇ ವಿಷಯವಾಗಿ ಇಟ್ಟುಕೊಳ್ಳಿ, ಅದನ್ನು ಮುಂದೂಡುವಂತಿಲ್ಲ. ನಿಮ್ಮ ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ಪತ್ರವನ್ನು ಓದಿಸಿ, ಚರ್ಚಿಸಿ, ಒಂದು ದಿನಾಂಕ ಗೊತ್ತುಮಾಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ (ಎಲೆಕ್ಟ್ರಿಷಿಯನ್ ವಿಭಾಗ)
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ